ಗಾಳವಲ್ಲ, ಕೂಣಿ

ಮೃಗಶಿರಾ ಮಳೆ ಹಿಡಿದು ಹಳ್ಳಗಳು ಕೆಂಪಾಗಿ ಹರಿಯತೊಡಗಿದರೆ ನಮ್ಮೂರಿನ ಗದ್ದೆಗಳಿಗೆ ಹತ್ತುಮೀನು ಬರುತ್ತದೆ. ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ನೀರಿಗೆ ಎದುರಾಗಿ ಏರುವ ಮೀನು ಅದು. ನಾನು ಚಿಕ್ಕವನಿದ್ದಾಗ ಅದನ್ನು ಹಿಡಿಯಲು ಅಣ್ಣ ಕೂಣಿ ಹಾಕುತ್ತಿದ್ದ. ಬಿದಿರಿನ ಕಡ್ಡಿಗಳನ್ನು ಒತ್ತಾಗಿ ಹೆಣೆದ, ಬಾಯಿ ಅಗಲವಾಗಿ ಬಾಲ ಕಿರಿದಾದ ಬುಟ್ಟಿ. ಗದ್ದೆಯ ಅಂಚಿನಲ್ಲಿ ನೀರು ಹರಿಯುವ ಕಂಡಿಗೆ ಅದನ್ನು ಒತ್ತಿ ಇಟ್ಟು, ಎರಡೂ ಬದಿಗೆ ಕೆಸರು ಮೆತ್ತಿ, ಕತ್ತಲಾಗುವ ಮೊದಲು ಮನೆಗೆ ಬಂದುಬಿಡುತ್ತಿದ್ದ. ರಾತ್ರಿಯಿಡೀ ಕಾಯುವ ಕೆಲಸವಿಲ್ಲ. ಎರೆಹುಳವೂ ಬೇಡ. ಮೀನು ಏನನ್ನೋ ತಿನ್ನುವ ಆಸೆಗೆ ಬಂದು ಅದರಲ್ಲಿ ಬೀಳುವುದಿಲ್ಲ. ಪ್ರತಿವರ್ಷ ಹೋಗಿಬರುವ ದಾರಿಯಲ್ಲೇ ತನ್ನ ಪಾಡಿಗೆ ತಾನು ಹೊರಟಿರುತ್ತದೆ. ಆ ದಾರಿಯಲ್ಲಿ ಯಾರೋ ಬುಟ್ಟಿ ಇಟ್ಟಿರುತ್ತಾರೆ.

ಬ್ಯಾಂಕಿನ ಹೆಸರಿನಲ್ಲಿ ಬರುವ ಕಳ್ಳ ಇಮೇಲ್‌ಗಳಿಗೆ ಫಿಶಿಂಗ್ ಎಂಬ ಹೆಸರಿದೆ. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಾತು. ನಮ್ಮ ಪತ್ರಿಕೆಗಳು ಅದನ್ನು ಗಾಳ ಎನ್ನುತ್ತವೆ. ಗಾಳ ಎಂದ ಕೂಡಲೇ ಜೊತೆಯಲ್ಲಿ ಆಸೆಯ ಮಾತು ಬರುತ್ತದೆ: ಆಸೆಪಟ್ಟ, ಕಚ್ಚಿದ, ಕಳೆದುಕೊಂಡ. ಲಾಟರಿ ಬಂದಿದೆ ಎನ್ನುವ ಪತ್ರಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಕಳೆದ ಮಳೆಗಾಲದಲ್ಲಿ ಅಣ್ಣ 86,300 ರೂಪಾಯಿ ಕಳೆದುಕೊಂಡ ರೀತಿಯನ್ನು ಹತ್ತಿರದಿಂದ ನೋಡಿದ ಮೇಲೆ, ಬ್ಯಾಂಕಿನ ಹೆಸರಿನ ಪತ್ರಕ್ಕೆ ಗಾಳ ಎಂಬ ಮಾತು ಒಪ್ಪುವುದಿಲ್ಲ ಎಂದು ನನಗೆ ಖಚಿತವಾಗಿದೆ. ಅದು ಕೂಣಿ. ಈ ವ್ಯತ್ಯಾಸ ಬರಿಯ ಮಾತಿನದಲ್ಲ. ಕಳೆದುಕೊಂಡವರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದು ಇದರ ಮೇಲೇ ನಿಂತಿದೆ.

ಅಣ್ಣನಿಗೆ 68 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಆ ಕಾಲದ ಎಸ್‌ಎಸ್‌ಎಲ್‌ಸಿ ಪಾಸಾದವನು. ಊರಿನಲ್ಲಿ ಯಾರಿಗೆ ಸರ್ಕಾರದ ಕಾಗದ ಬಂದರೂ ಮೊದಲು ನಮ್ಮ ಜಗಲಿಗೆ ತರುತ್ತಿದ್ದರು. ಅಣ್ಣ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ ಅರ್ಥ ಹೇಳುತ್ತಿದ್ದ, ಕೊನೆಯ ದಿನಾಂಕಕ್ಕೆ ಅಡಿಗೆರೆ ಹಾಕಿ ಕೊಡುತ್ತಿದ್ದ. ಕಂದಾಯವಾಗಲಿ, ಸೊಸೈಟಿಯ ಸಾಲದ ಕಂತಾಗಲಿ ಅವನು ಒಂದು ದಿನವೂ ತಡಮಾಡಿದ್ದನ್ನು ನಾನು ಕಂಡಿಲ್ಲ. ಕಾಗದದಲ್ಲಿ ಗಡುವು ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಕು ಎಂಬುದು ಅವನು ಬಾಳಿದ ರೀತಿ.

ಪತ್ರ ಬಂದದ್ದು ಪುನರ್ವಸು ಮಳೆ ಬಿಡದೆ ಸುರಿಯುತ್ತಿದ್ದ ಒಂದು ಗುರುವಾರ. ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಸಬೇಕಿತ್ತು. ಮೈಲುತುತ್ತು, ಸುಣ್ಣ ಎರಡೂ ತಂದು ಇಟ್ಟಾಗಿತ್ತು. ಮಳೆ ಎರಡು ದಿನ ಹೊಳವಾಗುವುದನ್ನೇ ಕಾಯುತ್ತಿದ್ದ. ಬೆಳೆ ವಿಮೆಯ ಕಂತು ಕಟ್ಟುವ ದಿನಗಳೂ ಅವೇ. ಬೆಂಗಳೂರಿನಲ್ಲಿರುವ ಮಗ ಮಾಡಿಕೊಟ್ಟಿದ್ದ ಇಮೇಲ್ ವಿಳಾಸಕ್ಕೆ ಬ್ಯಾಂಕಿನ ಲಾಂಛನ ಹೊತ್ತ ಪತ್ರವೊಂದು ಬಂತು. ನಿಮ್ಮ ಖಾತೆಯ ಕೆವೈಸಿ ಅವಧಿ ಮುಗಿದಿದೆ, ಇಂದು ಸಂಜೆಯೊಳಗೆ ನವೀಕರಿಸದಿದ್ದರೆ ಖಾತೆ ಸ್ಥಗಿತಗೊಳ್ಳುತ್ತದೆ, ಸರ್ಕಾರದಿಂದ ಬರುವ ಯಾವ ಹಣವೂ ಜಮೆಯಾಗುವುದಿಲ್ಲ ಎಂಬುದು ಅದರ ಸಾರಾಂಶ. ಕೆವೈಸಿ ಎಂದರೆ ಗ್ರಾಹಕನ ಗುರುತು, ವಿಳಾಸದ ದಾಖಲೆಗಳನ್ನು ಬ್ಯಾಂಕು ಪರಿಶೀಲಿಸಿ ಇಟ್ಟುಕೊಳ್ಳುವುದು. ಕೆಳಗೆ ಒಂದು ನೀಲಿ ಗುಂಡಿ.

ಇದರಲ್ಲಿ ಆಸೆ ಎಲ್ಲಿದೆ? ಒಂದು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದು ಯಾರೂ ಹೇಳಿರಲಿಲ್ಲ. ವಿಮೆಯ ಕಂತು ಹೋಗಬೇಕಾದದ್ದು ಆ ಖಾತೆಯಿಂದ, ಪರಿಹಾರ ಎಂದಾದರೂ ಬಂದರೆ ಬರಬೇಕಾದದ್ದು ಆ ಖಾತೆಗೆ. ಅಣ್ಣ ಮಾಡಿದ್ದು ಕಾಗದ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುವುದು, ಅಷ್ಟೇ.

ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ತೋಟದ ಮೇಲಿನ ದಿಣ್ಣೆಯ ತನಕ ಹತ್ತಬೇಕು. ಆ ಮಳೆಯಲ್ಲಿ ಕೊಡೆ ಹಿಡಿದು ಹತ್ತಿದ. ಗುಂಡಿ ಒತ್ತಿದಾಗ ತೆರೆದ ಪುಟ ಬ್ಯಾಂಕಿನ ಪುಟದಂತೆಯೇ ಇತ್ತು. ಬಳಕೆದಾರರ ಹೆಸರು, ಪಾಸ್‌ವರ್ಡ್ ತುಂಬಿಸಿದ. ಓಟಿಪಿ, ಅಂದರೆ ಮೊಬೈಲಿಗೆ ಬರುವ ಒಂದು ಸಲದ ಗುಟ್ಟಿನ ಸಂಖ್ಯೆ, ಬರುವುದು ತಡವಾಗಿ ಅದರ ಅವಧಿ ಮುಗಿದುಹೋಯಿತು. ಮತ್ತೆ ಮೊದಲಿನಿಂದ ಮಾಡಿದ. ಎರಡನೆಯ ಸಲ ಓಟಿಪಿ ಬಂತು, ಅದನ್ನೂ ತುಂಬಿಸಿದ. ಮತ್ತೊಂದು ಕೇಳಿತು, ಅದನ್ನೂ ಕೊಟ್ಟ. ನಿಮ್ಮ ಕೆವೈಸಿ ಯಶಸ್ವಿಯಾಗಿ ನವೀಕರಣಗೊಂಡಿದೆ ಎಂದು ಪುಟ ಹೇಳಿತು. ಸಮಾಧಾನದಿಂದ ಇಳಿದು ಬಂದು ಅತ್ತಿಗೆಯ ಹತ್ತಿರ ಕಾಫಿ ಕೇಳಿ ಕುಡಿದನಂತೆ. ತನ್ನದೇ ಹಣ ಕದಿಸಿಕೊಳ್ಳಲು ಆ ವಯಸ್ಸಿನಲ್ಲಿ ಮಳೆಯಲ್ಲಿ ನೆನೆದು ದಿಣ್ಣೆ ಹತ್ತಿದ ಎನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ಏನು ನಡೆಯಿತೆಂದು ಆಮೇಲೆ ಕೂತು ಬಿಡಿಸಿ ನೋಡಿದೆ. ಕಳ್ಳಪುಟದಲ್ಲಿ ಅಣ್ಣ ತುಂಬಿಸಿದ್ದನ್ನು ಆ ಕಡೆಯವರು ಅದೇ ಗಳಿಗೆಯಲ್ಲಿ ಬ್ಯಾಂಕಿನ ನಿಜವಾದ ಪುಟದಲ್ಲಿ ತುಂಬಿಸಿದ್ದರು. ಹಾಗಾಗಿ ಓಟಿಪಿ ಬಂದದ್ದು ಬ್ಯಾಂಕಿನಿಂದಲೇ, ಪ್ರತಿಸಲ ಬರುವ ಹೆಸರಿನಿಂದಲೇ. ನಂಬಿಕೆ ಗಟ್ಟಿಯಾದದ್ದು ಅಲ್ಲಿ. ಪತ್ರದ ಮೇಲೆ ಸ್ವಲ್ಪ ಅನುಮಾನವಿದ್ದರೂ ಓಟಿಪಿ ನೋಡಿದ ಕೂಡಲೇ ಅದು ಹೋಗಿಬಿಡುತ್ತದೆ. ಆ ಸಂದೇಶಗಳನ್ನು ನಾನು ಅವನ ಮೊಬೈಲಿನಲ್ಲಿ ಪೂರ್ತಿ ಓದಿದೆ. ಹೊಸ ವ್ಯಕ್ತಿಯನ್ನು ಹಣ ಪಡೆಯುವವರ ಪಟ್ಟಿಗೆ ಸೇರಿಸಲು ಇದು ಎಂದು ಒಂದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇನ್ನೊಂದರಲ್ಲಿ 40,000 ರೂಪಾಯಿ ಎಂದು ಮೊತ್ತವೇ ಇತ್ತು. ಆದರೆ ಮಳೆಹನಿ ಬಿದ್ದ ಪರದೆಯಲ್ಲಿ, ಎಲ್ಲಿ ಅವಧಿ ಮುಗಿಯುತ್ತದೋ ಎಂಬ ಗಾಬರಿಯಲ್ಲಿ, ಅವನ ಕಣ್ಣು ಆರು ಅಂಕಿಗಳನ್ನು ಮಾತ್ರ ಹುಡುಕಿತ್ತು. ಈಗ ನಾನು ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ: ಅಂಕಿಯನ್ನು ಕೊನೆಯಲ್ಲಿ ನೋಡಿ, ಅದು ಯಾವ ಕೆಲಸಕ್ಕೆ ಬಂದಿದೆ ಎನ್ನುವ ಸಾಲನ್ನು ಮೊದಲು ಓದಿ.

ಅಣ್ಣ ನನಗೆ ಫೋನು ಮಾಡಿದ್ದು ಸೋಮವಾರ. ಮಳೆ, ತೋಟ, ನನ್ನ ಮೊಮ್ಮಗಳ ಜ್ವರ ಎಲ್ಲ ಮಾತಾಡಿದ ಮೇಲೆ, ಇಡುವ ಹೊತ್ತಿಗೆ, "ತಮ್ಮಾ, ಬ್ಯಾಂಕಿನವರು ಹಣ ತೆಗೆದು ಮತ್ತೆ ಹಾಕುವುದುಂಟೇ?" ಎಂದು ಕೇಳಿದ.

ನಾನು 34 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಶಿವಮೊಗ್ಗದಲ್ಲಿ, ಅದರ ಸುತ್ತಿನ ಊರುಗಳಲ್ಲಿ ಕೌಂಟರಿನ ಹಿಂದೆ ಕೂತಿದ್ದವನು. ಆ ಪ್ರಶ್ನೆ ಕೇಳಿದ ಕೂಡಲೇ ಎಲ್ಲವೂ ಗೊತ್ತಾಯಿತು. ಗುರುವಾರ 40,000 ಮತ್ತು 36,500 ಹೋಗಿತ್ತು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಶನಿವಾರದ ಲೆಕ್ಕ. ಹಣ ಕಡಿಮೆಯಾದದ್ದು ಅಣ್ಣನಿಗೆ ಶುಕ್ರವಾರವೇ ತಿಳಿದಿತ್ತು. ಶನಿವಾರ ಇನ್ನೊಂದು ಪತ್ರ ಬಂತು: ತಾಂತ್ರಿಕ ದೋಷದಿಂದ ನಿಮ್ಮ ಹಣ ಕಡಿತವಾಗಿದೆ, ಮರಳಿ ಪಡೆಯಲು ಇಲ್ಲಿ ಒತ್ತಿ. ಅಣ್ಣ ಒತ್ತಿದ. ಮನೆಯವರಿಗೆ ತಿಳಿಯುವುದರೊಳಗೆ ಸರಿಯಾಗಿಬಿಡಲಿ ಎಂದು ಒತ್ತಿದ. ಇನ್ನೂ 9,800 ಹೋಯಿತು. ಊರಿಗೆಲ್ಲ ಕಾಗದ ಓದಿ ಹೇಳುವವನು ತಾನೇ ಕಾಗದ ಓದಿ ಮೋಸಹೋದೆ ಎಂದು ಯಾವ ಬಾಯಿಯಲ್ಲಿ ಹೇಳುವುದು? ಆ ನಾಲ್ಕು ದಿನ ಅತ್ತಿಗೆಯ ಎದುರು ಸರಿಯಾಗಿ ಊಟ ಮಾಡಲಿಲ್ಲವಂತೆ. ಅಸಿಡಿಟಿ ಎಂದು ಹೇಳಿದ್ದನಂತೆ.

ಕಳ್ಳರಿಗೆ ನಮ್ಮ ನಾಚಿಕೆಯ ಅಂದಾಜು ಚೆನ್ನಾಗಿದೆ. ಎರಡನೆಯ ಪತ್ರ ಬರೆದದ್ದು ಆ ನಾಚಿಕೆಯನ್ನು ಲೆಕ್ಕಕ್ಕೆ ಹಿಡಿದೇ. ಕಳೆದುಕೊಂಡವನು ಯಾರಿಗೂ ಹೇಳಿರುವುದಿಲ್ಲ, ಗುಟ್ಟಾಗಿ ಸರಿಪಡಿಸಿಕೊಳ್ಳಲು ದಾರಿ ಹುಡುಕುತ್ತಿರುತ್ತಾನೆ ಎಂದು ಅವರಿಗೆ ಗೊತ್ತು. ಆಸೆಬುರುಕ, ದಡ್ಡ ಎಂದು ಹೀಯಾಳಿಸುವ ನಾವು ಆ ನಾಚಿಕೆಯನ್ನು ಬೆಳೆಸಿ ಅವರ ಕೈಗೆ ಕೊಡುತ್ತಿದ್ದೇವೆ.

ಗಂಟೆಗಳ ಲೆಕ್ಕ ಏಕೆ ಮುಖ್ಯ ಎಂದು ಹೇಳುತ್ತೇನೆ. ಹೋದ ಹಣ ಒಂದೇ ಕಡೆ ಕೂತಿರುವುದಿಲ್ಲ. ಬಾಡಿಗೆಗೆ ಪಡೆದ ಯಾರದೋ ಖಾತೆಗೆ ಹೋಗಿ, ಅಲ್ಲಿಂದ ಒಡೆದು ನಾಲ್ಕಾರು ಖಾತೆಗಳಿಗೆ ಹರಿದು, ಕೊನೆಗೆ ಎಲ್ಲೋ ಎಟಿಎಮ್ಮಿನಲ್ಲಿ ನಗದಾಗುತ್ತದೆ. 1930 ಎಂಬ ಸಹಾಯವಾಣಿ ಇರುವುದು ಆ ಹರಿವಿಗೆ ಅಡ್ಡಗಟ್ಟಲು. ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ಶುರುಮಾಡಿದ ವ್ಯವಸ್ಥೆ ಅದು. ಅಲ್ಲಿಗೆ ದೂರು ಹೋದರೆ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಆ ಹೊತ್ತಿಗೆ ಖಾತೆಯಲ್ಲಿ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. ಉಳಿದಿದ್ದರೆ ಮಾತ್ರ. ನಾವು ಸೋಮವಾರ ಮಧ್ಯಾಹ್ನ ಕರೆ ಮಾಡಿದೆವು. ಆ ಹೊತ್ತಿಗೆ ಎಲ್ಲೋ ದೂರದ ಊರಿನ ಒಂದು ಖಾತೆಯಲ್ಲಿ 11,200 ರೂಪಾಯಿ ಸಿಕ್ಕಿತು. ಗುರುವಾರ ಸಂಜೆಯೇ ಕರೆ ಮಾಡಿದ್ದರೆ ಎಷ್ಟು ಉಳಿಯುತ್ತಿತ್ತೋ ಹೇಳಲಾರೆ. ಶನಿವಾರದ 9,800 ಅಂತೂ ಹೋಗುತ್ತಿರಲಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ಅರ್ಧ ಕೇಳಿ ನಂಬಿಕೊಂಡವರು ಬಹಳ. 2017ರ ಜುಲೈ 6ರ ಸುತ್ತೋಲೆಯಲ್ಲಿ, ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಯಾವ ಹೊಣೆಯೂ ಇಲ್ಲ ಎಂದಿತ್ತು. ಜನರ ಬಾಯಲ್ಲಿ ಉಳಿದದ್ದು "ಮೂರು ದಿನದೊಳಗೆ ಹೇಳಿದರೆ ಪೂರ್ತಿ ಹಣ ವಾಪಸು" ಎಂಬಷ್ಟು ಮಾತ್ರ. ಪಾಸ್‌ವರ್ಡನ್ನೋ ಓಟಿಪಿಯನ್ನೋ ಗ್ರಾಹಕನೇ ಕೊಟ್ಟಿದ್ದರೆ ಅದೇ ಸುತ್ತೋಲೆಯ ಇನ್ನೊಂದು ಸಾಲು ಅನ್ವಯಿಸುತ್ತಿತ್ತು: ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕನದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಣ್ಣನ ಶಾಖೆಯಲ್ಲಿ ಓದಿ ತೋರಿಸಿದ್ದು ಈ ಸಾಲನ್ನು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಸಾಲಿನಲ್ಲೇ ಒಂದು ಆಸರೆಯೂ ಇತ್ತು. ತಿಳಿಸಿದ ಗಳಿಗೆಯಿಂದ ಹೊಣೆ ಕೈ ಬದಲಾಯಿಸುತ್ತಿತ್ತು. ಆದ್ದರಿಂದ ಬಾಯಿಮಾತಿನಲ್ಲಿ ಹೇಳಿ ಬರುವುದು ಸಾಲದು. ದೂರಿನ ಸಂಖ್ಯೆ ಪಡೆಯಬೇಕು, ಅರ್ಜಿಯ ಪ್ರತಿಯ ಮೇಲೆ ದಿನಾಂಕ, ಸಮಯದೊಂದಿಗೆ ಮೊಹರು ಹಾಕಿಸಿಕೊಳ್ಳಬೇಕು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿಗೆ ದೂರು ಕೊಡಲು ಹಣ ಕಟ್ಟಬೇಕಾಗಿಲ್ಲ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ನಾವು ಆ ಎರಡೂ ಇಮೇಲ್‌ಗಳನ್ನು ಅಳಿಸದೆ ಇಟ್ಟುಕೊಂಡು ಹೋದದ್ದು ಉಪಯೋಗಕ್ಕೆ ಬಂತು. ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿಹಾಕುವವರೇ ಹೆಚ್ಚು.

ಈಗ ನನ್ನ ಕಡೆಯ ಮಾತು. ಅಣ್ಣನಿಗೆ ಬಂದ ಪತ್ರವನ್ನು ಮೊದಲ ಸಲ ಓದಿದಾಗ ನನಗೆ ಬೇರೆಯೇ ಒಂದು ಕಾರಣಕ್ಕೆ ಮೈ ತಣ್ಣಗಾಯಿತು. ಆ ವಾಕ್ಯ ನನ್ನದು. ಕಳ್ಳರು ಅದನ್ನು ಹೊಸದಾಗಿ ಹುಟ್ಟಿಸಿರಲಿಲ್ಲ. "ನಿಗದಿತ ದಿನದೊಳಗೆ ಕೆವೈಸಿ ದಾಖಲೆಗಳನ್ನು ನೀಡದಿದ್ದಲ್ಲಿ ಖಾತೆಯನ್ನು ಸ್ಥಗಿತಗೊಳಿಸಲಾಗುವುದು" ಎಂದು ಶಾಖೆಯ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಎಷ್ಟು ಸಲ ಬರೆದಿದ್ದೇನೆ. ಪಡಿತರ ಚೀಟಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಕೊಂಡು, ಮಳೆಯಲ್ಲಿ ಎರಡು ಬಸ್ ಬದಲಾಯಿಸಿ ಬಂದವರಿಗೆ "ಇವತ್ತೇ ತರಬೇಕಿತ್ತು, ಇನ್ನು ನಾವೇನೂ ಮಾಡುವಂತಿಲ್ಲ" ಎಂದು ಹೇಳಿ ಕಳುಹಿಸಿದ್ದೇನೆ. ಕೆವೈಸಿ ಎಂದರೇನು, ಏಕೆ ಬೇಕು ಎಂದು ಹೇಳುವಷ್ಟು ವ್ಯವಧಾನ ನಮಗಿರಲಿಲ್ಲ. ಹೆದರಿಸಿದರೆ ಕೆಲಸ ಬೇಗ ಆಗುತ್ತಿತ್ತು, ಹಾಗಾಗಿ ಹೆದರಿಸಿದೆವು. ನಮ್ಮ ಜನಕ್ಕೆ ಆ ದಾರಿಯಲ್ಲಿ ನಡೆಯುವುದನ್ನು ರೂಢಿ ಮಾಡಿಸಿದವರು ನಾವು. ಕಳ್ಳರು ಅಲ್ಲಿಗೆ ಬಂದು ಕೂಣಿ ಇಟ್ಟರು.

ನಿಯಮ ನಿಜವಾಗಿ ಹೇಳುವುದೇ ಬೇರೆ. ಅಪಾಯ ಕಡಿಮೆ ಎಂದು ಗುರುತಿಸಿದ ಗ್ರಾಹಕರ ಕೆವೈಸಿಯನ್ನು ನವೀಕರಿಸಬೇಕಾದದ್ದು 10 ವರ್ಷಕ್ಕೊಮ್ಮೆ. ನಡುವಿನ ವರ್ಗಕ್ಕೆ 8 ವರ್ಷ, ಹೆಚ್ಚು ಅಪಾಯದ ವರ್ಗಕ್ಕೆ 2 ವರ್ಷ. 2025ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿತು. ಗಡುವಿಗೆ ಮೊದಲು ಕನಿಷ್ಠ ಮೂರು ಸಲ, ಗಡುವು ದಾಟಿದ ಮೇಲೆ ಮತ್ತೆ ಕನಿಷ್ಠ ಮೂರು ಸಲ ಗ್ರಾಹಕನಿಗೆ ತಿಳಿಸಬೇಕು, ಎರಡೂ ಸುತ್ತಿನಲ್ಲಿ ಒಂದಾದರೂ ಕಾಗದದ ಪತ್ರವಾಗಿರಬೇಕು ಎಂದು ಬ್ಯಾಂಕುಗಳಿಗೆ ಹೇಳಿತು. ಕಾಗದದ ಪತ್ರ! ಅಂಚೆಯಣ್ಣ ತಂದುಕೊಡುವ, ಕೈಯಲ್ಲಿ ಹಿಡಿದು ಶಾಖೆಗೆ ಒಯ್ಯಬಹುದಾದ ಪತ್ರ. ಹತ್ತು ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಇವತ್ತು ಸಂಜೆಯ ಗಡುವು ಇರಲು ಸಾಧ್ಯವೇ ಇಲ್ಲ ಎಂದು ಅಣ್ಣನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅವನು ದಿಣ್ಣೆ ಹತ್ತುತ್ತಿರಲಿಲ್ಲ. ಹೇಳಬೇಕಾದವನು ನಾನಾಗಿದ್ದೆ.

ಕಳ್ಳಪತ್ರವನ್ನು ಗುರುತಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ವ್ಯಾಕರಣದ ತಪ್ಪು ನೋಡಿ ಎನ್ನುವ ಹಳೆಯ ಸಲಹೆಯನ್ನು ನಾನು ಕೊಡುವುದಿಲ್ಲ. ಇಂಗ್ಲಿಷನ್ನು ಕಷ್ಟಪಟ್ಟು ಓದುವವರಿಗೆ ಅದರಲ್ಲಿ ತಪ್ಪು ಹುಡುಕಿ ಎನ್ನುವುದು ಯಾವ ನ್ಯಾಯ? ಈಗಂತೂ ಕಳ್ಳಪತ್ರಗಳು ಶುದ್ಧವಾದ ಭಾಷೆಯಲ್ಲೇ ಬರುತ್ತವೆ, ಕನ್ನಡದಲ್ಲೂ ಬರುತ್ತವೆ. ವಿಳಾಸದ ಪಟ್ಟಿಯಲ್ಲಿ ಬೀಗದ ಚಿತ್ರ ನೋಡಿ ಎನ್ನುವುದೂ ಹಾಗೆಯೇ. ನೀವು ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ದಾರಿಯ ಕೊನೆಯಲ್ಲಿ ಕೂತವನು ಕಳ್ಳನೋ ಬ್ಯಾಂಕೋ ಎಂದು ಅದು ಹೇಳುವುದಿಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ ತನ್ನ ಕ್ರೋಮ್ ಬ್ರೌಸರಿನಿಂದ ಆ ಬೀಗವನ್ನು 2023ರಲ್ಲಿ ತೆಗೆದುಹಾಕಿತು.

ಪತ್ರದ ಮೇಲಿರುವ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಇನ್‌ಲ್ಯಾಂಡ್ ಲೆಟರಿನ ಹಿಂದೆ "ಕಳುಹಿಸಿದವರು" ಎಂಬಲ್ಲಿ ಯಾರ ಹೆಸರು ಬರೆದರೂ ಅಂಚೆಯವರು ಕೇಳುತ್ತಿರಲಿಲ್ಲವಲ್ಲ, ಇದೂ ಹಾಗೆಯೇ. ಇಮೇಲ್ ಸಾಗಿಸುವ ನಿಯಮಗಳನ್ನು 1982ರಲ್ಲಿ ಬರೆದಾಗ ಕಳುಹಿಸುವವನ ಗುರುತನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ತಪಾಸಣೆಗಳು ಬಂದವು, ಅವುಗಳಿಂದ ಉಪಕಾರವೂ ಆಗಿದೆ. ಆದರೆ ಈ ಪತ್ರ ಇಂಥ ವಿಳಾಸದಿಂದಲೇ ಹೊರಟಿದೆ ಎಂಬಲ್ಲಿಗೆ ಅವುಗಳ ಕೆಲಸ ಮುಗಿಯುತ್ತದೆ. ಆ ವಿಳಾಸವೇ ಕಳ್ಳನ ಸ್ವಂತದ್ದಾದರೆ ಮೂರನ್ನೂ ದಾಟಿಕೊಂಡು ಪತ್ರ ಒಳಗೆ ಬರುತ್ತದೆ. ಅಣ್ಣನಿಗೆ ಬಂದದ್ದು ಅಂಥದ್ದೇ.

ಹಾಗಾಗಿ ವಿಳಾಸ ಓದಲು ಕಲಿಯಬೇಕು. ಅಣ್ಣನಿಗೆ ನಾನು ಅಂಚೆ ವಿಳಾಸದ ಮೂಲಕವೇ ಹೇಳಿಕೊಟ್ಟೆ. ಮನೆಯ ಹೆಸರನ್ನು ಯಾರೂ ಏನೆಂದು ಬೇಕಾದರೂ ಇಟ್ಟುಕೊಳ್ಳಬಹುದು. ದೆಹಲಿಯಲ್ಲಿ ಮನೆ ಕಟ್ಟಿ "ತೀರ್ಥಹಳ್ಳಿ" ಎಂದು ಫಲಕ ಹಾಕಿದರೆ ತಡೆಯುವವರಿಲ್ಲ. ಕಾಗದ ಎಲ್ಲಿಗೆ ಹೋಗುತ್ತದೆ ಎಂದು ನಿರ್ಧರಿಸುವುದು ಕೊನೆಯ ಸಾಲು, 577432 ಎಂಬ ಪಿನ್ ಕೋಡ್. ಜಾಲತಾಣದ ವಿಳಾಸದಲ್ಲೂ ಮೊದಲ ಒಂಟಿ ಓರೆಗೆರೆಗೆ (/) ಮುಂಚೆ, ಬಲತುದಿಯಲ್ಲಿ ಇರುವುದೇ ಊರು. ಅದರ ಎಡಕ್ಕೆ ಬ್ಯಾಂಕಿನ ಹೆಸರನ್ನು ಎಷ್ಟು ಸಲ ಬರೆದಿದ್ದರೂ ಅದು ಮನೆಯ ಫಲಕ. ಅಣ್ಣ ಕೂಡಲೇ ಹಿಡಿದ. ಆ ಕಳ್ಳಪತ್ರದ ವಿಳಾಸವನ್ನು ಬಲದಿಂದ ಓದಿ, "ಇದು ನಮ್ಮ ತಾಲ್ಲೂಕೇ ಅಲ್ಲ" ಎಂದ. ಭಾರತದ ಬ್ಯಾಂಕುಗಳಿಗೆಂದೇ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವ ವಿಳಾಸವನ್ನು ರಿಸರ್ವ್ ಬ್ಯಾಂಕ್ ಮೀಸಲಿಟ್ಟಿರುವುದನ್ನೂ ಹೇಳಿದೆ. 2025ರ ಅಕ್ಟೋಬರ್ 31ರೊಳಗೆ ಅಲ್ಲಿಗೆ ಬದಲಾಗಬೇಕೆಂದು ಬ್ಯಾಂಕುಗಳಿಗೆ ಗಡುವು ಕೊಟ್ಟಿತ್ತು. ಬ್ಯಾಂಕಲ್ಲದವರಿಗೆ ಆ ವಿಳಾಸ ಕೊಡುವುದಿಲ್ಲ. ಡಾಟ್ ಇರುವ ಕಡೆ ಅಡ್ಡಗೆರೆ ಹಾಕಿ ಅದೇ ರೂಪ ಮಾಡುವವರೂ ಬರುತ್ತಾರೆ, ಅದನ್ನೂ ಕಾಗದದ ಮೇಲೆ ಬರೆದು ತೋರಿಸಿದೆ.

ಇಷ್ಟೆಲ್ಲ ಹೇಳಿದ ಮೇಲೂ, ದಣಿದ ಸಂಜೆಯಲ್ಲಿ ಸಣ್ಣ ಪರದೆಯ ಮೇಲೆ ಈ ಪರೀಕ್ಷೆಯನ್ನು ಪ್ರತಿಸಲ ತಪ್ಪಿಲ್ಲದೆ ಮಾಡಲು ನನ್ನಿಂದಲೂ ಆಗದು. ಆದ್ದರಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಪತ್ರ ಕಳ್ಳನದೋ ಬ್ಯಾಂಕಿನದೋ ಎಂದು ತೀರ್ಮಾನಿಸುವ ಗೊಡವೆಗೇ ಹೋಗುವುದು ಬೇಡ. ಬ್ಯಾಂಕಿನ ಕೆಲಸವಿದ್ದರೆ ನಮ್ಮ ಮನೆಯ ಉಣಗೋಲು ದಾಟಿ ನಮ್ಮ ದಾರಿಯಲ್ಲೇ ಹೋಗುವುದು. ಮೊಬೈಲಿನಲ್ಲಿ ಮೊದಲೇ ಇರುವ ಬ್ಯಾಂಕಿನ ಆ್ಯಪ್ ತೆರೆಯುವುದು, ಇಲ್ಲವೇ ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡುವುದು, ಅದೂ ಆಗದಿದ್ದರೆ ಬೆಳಗಿನ ಬಸ್ಸಿಗೆ ಶಾಖೆಗೆ ಹೋಗುವುದು. ಪತ್ರದಲ್ಲಿ ಕೊಟ್ಟ ಸಂಖ್ಯೆಗೆ ಕರೆ ಮಾಡುವಂತಿಲ್ಲ. ಗೂಗಲಿನಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೂ ಇಲ್ಲ, ಅಲ್ಲೂ ಕಳ್ಳರು ತಮ್ಮ ಸಂಖ್ಯೆ ಹಾಕಿ ಕಾದಿರುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಬ್ಯಾಂಕಿನ ಹೆಸರಿನ ಎಪಿಕೆ ಕಡತ, ಅಂದರೆ ಒತ್ತಿದರೆ ಮೊಬೈಲಿಗೆ ಹೊಸ ಆ್ಯಪ್ ಸೇರಿಸುವ ಕಡತ, ಬಂದರೆ ಮುಟ್ಟುವುದೇ ಇಲ್ಲ. ಪತ್ರ ನಿಜವಾಗಿದ್ದರೂ ಇದರಿಂದ ನಷ್ಟವಿಲ್ಲ. ನಿಜವಾದ ಕೆಲಸ ಶಾಖೆಯಲ್ಲಿ ಕಾದಿರುತ್ತದೆ.

ಬ್ಯಾಂಕುಗಳಲ್ಲಿ ಈಗ ಕೆಲಸ ಮಾಡುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ವಿನಂತಿ. ಲಿಂಕ್ ಒತ್ತಬೇಡಿ ಎಂದು ಬೆಳಗ್ಗೆ ಸಂದೇಶ ಕಳುಹಿಸಿ, ಮಧ್ಯಾಹ್ನ ಸಾಲದ ಕೊಡುಗೆಗೆ ಇಲ್ಲಿ ಒತ್ತಿ ಎಂದು ಗುಂಡಿಯಿಟ್ಟ ಇಮೇಲ್ ಕಳುಹಿಸಬೇಡಿ. ಯಾವುದನ್ನು ನಂಬಬೇಕು ಎಂದು ಜನಕ್ಕೆ ಹೇಗೆ ತಿಳಿಯಬೇಕು? ಮತ್ತೆ, ಹಣ ಕಳೆದುಕೊಂಡವರು ಕೌಂಟರಿನ ಎದುರು ಬಂದು ನಿಂತಾಗ "ನೀವು ಯಾಕೆ ಒತ್ತಿದಿರಿ" ಎಂದು ಎಲ್ಲರಿಗೂ ಕೇಳುವಂತೆ ಕೇಳಬೇಡಿ. ಅಣ್ಣನನ್ನು ಹಾಗೆ ಕೇಳಿದಾಗ ಪಕ್ಕದ ಸಾಲಿನಲ್ಲಿ ನಮ್ಮೂರಿನವರೇ ಇಬ್ಬರು ನಿಂತಿದ್ದರು. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ತಡೆಹಿಡಿದಿದ್ದ 11,200 ರೂಪಾಯಿ ನ್ಯಾಯಾಲಯದ ಆದೇಶವಾಗಿ ಕೈಗೆ ಬರುವ ಹೊತ್ತಿಗೆ ಕೊನೆ ಕೊಯ್ಲು ಮುಗಿದು ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಉಳಿದದ್ದು ಬರಲಿಲ್ಲ. ಔಷಧಿ ಹೊಡೆಸುವುದು ತಡವಾಗಿ ಕೊಳೆಗೂ ಒಂದಿಷ್ಟು ಹೋಗಿತ್ತು. ಅತ್ತಿಗೆ ಆ ಹಣದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅಸಿಡಿಟಿ ಎಂದು ಸುಳ್ಳು ಹೇಳಿದ್ದಕ್ಕೆ ಮಾತ್ರ ಬೇಸರ ಮಾಡಿಕೊಂಡರು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಕೆಳಮನೆಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಬಂದಳು. "ದೊಡ್ಡಪ್ಪಾ, ಅಪ್ಪನ ಖಾತೆ ನಿಲ್ಲಿಸುತ್ತಾರಂತೆ, ಇದನ್ನು ಒಂಚೂರು ನೋಡಿ" ಎಂದಳು. ಅಣ್ಣ ಮೊಬೈಲನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಪಾಸ್‌ಪುಸ್ತಕ ತಂದ. ಜುಲೈ ತಿಂಗಳ ಪುಟ ತೆರೆದು ಅವಳ ಮುಂದೆ ಇಟ್ಟ. ಮೂರು ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದ. "ಇದು ನನ್ನದು" ಎಂದ. "ಮೊದಲು ಇದನ್ನು ಓದು. ಆಮೇಲೆ ನಿನ್ನದನ್ನು ನೋಡೋಣ."